ಕತ್ತಲಾಗದ ಆಟ

ಅಪ್ಪನ ತಿಥಿ. 2017ನೇ ಇಸವಿ. ಬೆಂಗಳೂರಿನ ಹನುಮಂತನಗರದ ನಮ್ಮ ಹಳೇ ಮನೆಯ ಹಾಲ್ ತುಂಬ ಹೋಮದ ಹೊಗೆ. ನಾನು ಮಡಿ ಪಂಚೆ ಉಟ್ಟು, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಮಣೆ ಮೇಲೆ ಕೂತಿದ್ದೆ. ಶಾಸ್ತ್ರಿಗಳು ಹೇಳಿಸುತ್ತಿದ್ದ ಮಂತ್ರ ಬಾಯಲ್ಲಿ ಬರುತ್ತಿತ್ತು. ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲೆ. ಹನ್ನೊಂದೂ ಮುಕ್ಕಾಲು. ಹನ್ನೆರಡಕ್ಕೆ ಯುದ್ಧ ಮುಗಿಯುತ್ತದೆ. ನನ್ನದೊಂದು ದಾಳಿ ಇನ್ನೂ ಬಾಕಿ.

"ಒಂದ್ನಿಮಿಷ, ಹೊಟ್ಟೆ ಯಾಕೋ..." ಅಂತ ಎದ್ದೆ.

ಫೋನನ್ನು ಬೆಳಿಗ್ಗೆ ಸ್ನಾನಕ್ಕೆ ಹೋದಾಗಲೇ ಬಾತ್‌ರೂಮಿನ ಕಿಟಕಿ ಮೇಲೆ, ಸೋಪಿನ ಡಬ್ಬಿಯ ಹಿಂದೆ ಬಚ್ಚಿಟ್ಟು ಬಂದಿದ್ದೆ. ಅಂದರೆ ಕೈ ತಡೆಯದೆ ಮಾಡಿದ ಕೆಲಸವಲ್ಲ ಇದು, ಮುಂಚೆಯೇ ಹೊಂಚು ಹಾಕಿದ್ದು. ಒಂದು ದಾಳಿಗೆ ಮೂರು ನಿಮಿಷ. ಮುಗಿಸಿದೆ. ಬಾತ್‌ರೂಮಿಗೆ ಹೋದ ಮೇಲೆ ಮಡಿ ಕೆಟ್ಟಿತಲ್ಲ, ಮತ್ತೆ ತಲೆ ಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಬಂದು ಕೂತೆ. ಊಟಕ್ಕೆ ಕರೆದಿದ್ದ ಹಿರಿಯರು ಬೆಳಿಗ್ಗೆಯಿಂದ ಹಸಿದಿದ್ದರು. ಯಾರೂ ಏನೂ ಅನ್ನಲಿಲ್ಲ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳು ಗಾಬರಿಯಾಗಿದ್ದಳು.

ಯುದ್ಧ ಗೆದ್ದೆವು. ಅದನ್ನೂ ಹೇಳಿಬಿಡುತ್ತೇನೆ.

ಮಾರನೇ ದಿನದಿಂದ ಅಮ್ಮನ ಔಷಧಿ ಶುರುವಾಯಿತು. ಬೆಳಿಗ್ಗೆ ಜೀರಿಗೆ ಕಷಾಯ, ರಾತ್ರಿ ಮೆಂತ್ಯ ಹಾಕಿದ ಮಜ್ಜಿಗೆ, ಮಧ್ಯದಲ್ಲಿ ಓಮದ ನೀರು. ಅವಳು ಬಹಳ ದಿನಗಳಿಂದ ಲೆಕ್ಕ ಇಟ್ಟಿದ್ದಳಂತೆ: ಮಗ ದಿನಕ್ಕೆ ಆರೇಳು ಸಲ ಬಾತ್‌ರೂಮಿಗೆ ಹೋಗುತ್ತಾನೆ, ಹೋದರೆ ಇಪ್ಪತ್ತು ನಿಮಿಷ ಬರೋದಿಲ್ಲ, ಬಂದ ಮೇಲೆ ಮುಖ ಒಂಥರಾ ಇರುತ್ತದೆ. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕಾಯಿಲೆಯ ಹೆಸರು ಮಾತ್ರ ಬೇರೆ ಇತ್ತು. ನಾನು ಬಾಯಿ ಮುಚ್ಚಿಕೊಂಡು ಕಷಾಯ ಕುಡಿದೆ. ಮೂವತ್ತೈದು ವರ್ಷದ ಗಂಡಸು ಅಮ್ಮನಿಗೆ ಹೇಗೆ ಹೇಳೋದು, ಅಮ್ಮಾ, ನಾನು ಕಕ್ಕಸಿನಲ್ಲಿ ಕೂತು ಊರು ಕಟ್ಟುತ್ತಿದ್ದೇನೆ ಅಂತ?

ಆಟದ ಹೆಸರು ಬೇಡ. ಆಡಿದವರಿಗೆ ಈಗಾಗಲೇ ಗೊತ್ತಾಗಿರುತ್ತದೆ. ಫೋನಿನಲ್ಲಿ ಒಂದು ಹಳ್ಳಿ ಕಟ್ಟಬೇಕು. ಗೋಡೆ, ಫಿರಂಗಿ, ಗಣಿ, ಸೈನ್ಯ. ಬೇರೆಯವರ ಹಳ್ಳಿ ಮೇಲೆ ದಾಳಿ ಮಾಡಿ ಲೂಟಿ ಹೊಡೆಯಬೇಕು. ನೀವು ಆಟದೊಳಗಿಲ್ಲದ ಹೊತ್ತಿನಲ್ಲಿ ಬೇರೆಯವರು ನಿಮ್ಮ ಹಳ್ಳಿ ಲೂಟಿ ಮಾಡಬಹುದು. ಅಲ್ಲಿಗೆ ನಿದ್ದೆ ಅನ್ನೋದೇ ಒಂದು ನಷ್ಟದ ಬಾಬತ್ತಾಯಿತು. ಐವತ್ತು ಜನ ಸೇರಿ ಒಂದು ಬಣ. ಬಣಗಳ ನಡುವೆ ಯುದ್ಧ, ಒಬ್ಬೊಬ್ಬರಿಗೆ ಎರಡೆರಡು ದಾಳಿ. ಒಂದು ದಾಳಿ ಬಿಟ್ಟರೆ ಇಡೀ ಬಣಕ್ಕೆ ಗೊತ್ತಾಗುತ್ತದೆ.

ಒಂದು ಗೋಪುರ ಮೇಲ್ದರ್ಜೆಗೆ ಏರಬೇಕಾದರೆ ಏಳು ದಿನ ಬೇಕು. ಏಳು ದಿನವೆಂದರೆ ನಿಜವಾದ ಏಳು ದಿನ. ಕಾಯೋಕೆ ಆಗದಿದ್ದರೆ ದುಡ್ಡು ಕೊಟ್ಟು ಹರಳು ಕೊಳ್ಳಿ, ಈಗಲೇ ಮುಗಿಯುತ್ತದೆ. ಕೆಲಸ ಮುಗಿದ ಕೂಡಲೇ ಫೋನ್ ಟಿಂಗ್ ಅನ್ನುತ್ತದೆ: ನಿಮ್ಮ ಕೆಲಸಗಾರ ಸುಮ್ಮನೆ ಕೂತಿದ್ದಾನೆ! ಔಟರ್ ರಿಂಗ್ ರೋಡಿನ ಕಂಪನಿಯಲ್ಲಿ ಕೂತು, ನನ್ನ ಟೀಮಿನಲ್ಲಿ ಯಾರು ಬೆಂಚ್ ಮೇಲಿದ್ದಾರೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಖಾಲಿ ಕೂತಿದ್ದಾರೆ ಅಂತ ಎಕ್ಸೆಲ್ ಶೀಟ್ ತುಂಬುತ್ತಿದ್ದವನು ನಾನು. ಅದೇ ಹೊತ್ತಿಗೆ ಜೇಬಿನೊಳಗಿನ ಆ ಪುಟಾಣಿ ಬಡಗಿ ಖಾಲಿ ಕೂತಿದ್ದಾನೆ ಅಂತ ಸಂಕಟಪಡುತ್ತಿದ್ದೆ. ಎರಡು ಕಡೆ ಮ್ಯಾನೇಜರಿಕೆ. ಒಂದಕ್ಕೆ ಸಂಬಳ ಬರುತ್ತಿತ್ತು, ಇನ್ನೊಂದಕ್ಕೆ ನಾನೇ ಕೊಡುತ್ತಿದ್ದೆ. ಮೂರು ವರ್ಷದಲ್ಲಿ ಹರಳಿಗೆ ಅಂತ ಸುರಿದದ್ದು ಹನ್ನೊಂದು ಸಾವಿರ ಚಿಲ್ಲರೆ. ದೊಡ್ಡ ಮೊತ್ತವೇನಲ್ಲ. ಆದರೆ ಅದೇ ವರ್ಷಗಳಲ್ಲಿ ಸೊಪ್ಪಿನ ಅಜ್ಜಿ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿದ್ದು ನೆನಪಿದೆ.

ಈಗ ಹಿಂದಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೊನೇ ಒಂದೂವರೆ ವರ್ಷ ನನಗೆ ಆಟದಲ್ಲಿ ಖುಷಿಯೇ ಇರಲಿಲ್ಲ. ಬೆಳಿಗ್ಗೆ ಎದ್ದು ಗಣಿಯಿಂದ ಚಿನ್ನ ಎತ್ತೋದು, ಸೈನ್ಯ ತಯಾರಿಗೆ ಹಾಕೋದು, ಕೇಳಿದವರಿಗೆ ಸೈನಿಕರನ್ನು ದಾನ ಮಾಡೋದು. ಹಸು ಕಟ್ಟಿದವರು ಹಾಲು ಕರೆದ ಹಾಗೆ. ಆಡುತ್ತಿದ್ದೆ ಅನ್ನೋದಕ್ಕಿಂತ ಡ್ಯೂಟಿ ಮಾಡುತ್ತಿದ್ದೆ ಅನ್ನಬೇಕು.

ಹಾಗಂತ ನಾನು ಚಿಕ್ಕಂದಿನಲ್ಲಿ ಆಟದ ವಿಷಯದಲ್ಲಿ ತುಂಬ ಒಳ್ಳೆಯ ಹುಡುಗನಾಗಿದ್ದೆ ಅಂದುಕೊಳ್ಳಬೇಡಿ. ರಾಮಾಂಜನೇಯ ಗುಡ್ಡದ ಹಿಂದಿನ ರಸ್ತೆಯಲ್ಲಿ ಲಗೋರಿ ಆಡಿದ್ದು ಅಷ್ಟಿಷ್ಟಲ್ಲ. ಹೋಂವರ್ಕ್ ಇಲ್ಲ, ಊಟ ಇಲ್ಲ, ಮೊಣಕಾಲಿನ ಚರ್ಮ ಇಲ್ಲ. ಬಿಟ್ಟಿದ್ದರೆ ರಾತ್ರಿಯಿಡೀ ಆಡುತ್ತಿದ್ದೆವು. ಆದರೆ ಕತ್ತಲಾಗುತ್ತಿತ್ತು. ಏಳು ಬಿಲ್ಲೆಗಳಲ್ಲಿ ಮೇಲಿನದು ಯಾವುದು ಕೆಳಗಿನದು ಯಾವುದು ಕಾಣುತ್ತಿರಲಿಲ್ಲ. ಚೆಂಡು ಮೋರಿಗೆ ಬಿದ್ದರೆ ಹುಡುಕೋಕೆ ಬೆಳಕಿರುತ್ತಿರಲಿಲ್ಲ. ಇಲ್ಲವಾದರೆ ಮೂಲೆ ಮನೆ ಕಾಂಪೌಂಡಿಗೆ ಹೋಗುತ್ತಿತ್ತು. ಆ ಮನೆಯಲ್ಲಿದ್ದ ರಿಟೈರ್ಡ್ ಮೇಷ್ಟ್ರು ಹನ್ನೊಂದು ಚೆಂಡು ಒಟ್ಟು ಮಾಡಿ ಇಟ್ಟುಕೊಂಡಿದ್ದರು. ಅಷ್ಟೊತ್ತಿಗೆ ಗೇಟಿನಿಂದ ಅಮ್ಮನ ಕೂಗು. ನಾವೇನೂ ಸಂಯಮದಿಂದ ಆಟ ನಿಲ್ಲಿಸಿದವರಲ್ಲ. ಹೊರಗಿನಿಂದ ಯಾರೋ, ಏನೋ ನಿಲ್ಲಿಸುತ್ತಿತ್ತು.

ನಮ್ಮಜ್ಜಿಯದು ಇನ್ನೊಂದು ಕಥೆ. ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದಲ ಮನೆ ಬರೆದು ಚೌಕಾಬಾರ ಆಡುವ ಹುಚ್ಚು ಅವಳಿಗೆ. ಮಧ್ಯಾಹ್ನ ಊಟ ಆದ ಮೇಲೆ ಪಕ್ಕದ ಮನೆಯವರು, ಎದುರು ಮನೆಯವರು ಬಂದು ಕೂತರೆಂದರೆ ಮುಗಿಯಿತು. ನಾಲ್ಕು ಕವಡೆ ನೆಲಕ್ಕೆ ಬೀಳುವ ಆ ಟಕಟಕ ಸದ್ದು ಈಗಲೂ ಕಿವಿಯಲ್ಲಿದೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಅದೇ ನೋಡಿ ಸೆಳೆತ. ಯಾವಾಗ ಬೀಳುತ್ತೆ ಗೊತ್ತಿಲ್ಲ, ಬಿದ್ದರೆ ಇನ್ನೊಂದು. ಹಣ್ಣಾಗೋಕೆ ಒಂದೇ ಮನೆ ಬಾಕಿ ಇರುವ ಕಾಯಿಯನ್ನು ಯಾರಾದರೂ ಕಡಿದರೆ ಅಜ್ಜಿ ಅವರ ಜೊತೆ ಎರಡು ದಿನ ಮಾತು ಬಿಡುತ್ತಿದ್ದಳು. ಒಲೆ ಮೇಲೆ ಹಾಲು ಉಕ್ಕಿ ಸೀದು ವಾಸನೆ ಬಂದರೂ ಎದ್ದು ಹೋಗದೆ, "ಲೇ, ಯಾರಾದ್ರೂ ಅದನ್ನ ಇಳಿಸ್ರೋ" ಅಂತ ಕೂತಲ್ಲಿಂದಲೇ ಕೂಗಿದ್ದನ್ನು ನಾನೇ ನೋಡಿದ್ದೇನೆ.

ಆದ್ದರಿಂದ ಹಿಂದಿನ ಕಾಲದ ಆಟ ಒಳ್ಳೇದು, ಈಗಿನದು ಕೆಟ್ಟದ್ದು ಅನ್ನುವ ಭಾಷಣ ನನ್ನಿಂದ ಆಗೋದಿಲ್ಲ. ಧರ್ಮರಾಯ ರಾಜ್ಯ ಕಳೆದುಕೊಂಡದ್ದು ಮೊಬೈಲಿನಲ್ಲೇನೂ ಅಲ್ಲವಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದ. ಕುಕ್ಕಿದಾಗೆಲ್ಲ ಕಾಳು ಬಿದ್ದರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಕುಕ್ಕೋದು ಬಿಡುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುತ್ತೋ ಗೊತ್ತಿಲ್ಲದಂತೆ ಮಾಡಿದರೆ ಕುಕ್ಕುತ್ತಲೇ ಇರುತ್ತದೆ. ಇವತ್ತಿನ ಆಟಗಳ 'ಲೂಟ್ ಬಾಕ್ಸ್', ಅಂದರೆ ಒಳಗೇನಿದೆ ಅಂತ ಗೊತ್ತಿಲ್ಲದೆ ತೆರೆಯುವ ಬಹುಮಾನದ ಪೆಟ್ಟಿಗೆ, ಅದರ ವಿಷಯ ಬಂದಾಗೆಲ್ಲ ಆ ಪಾರಿವಾಳವನ್ನು ಎಳೆದು ತರುತ್ತಾರೆ. ನನಗೆ ನೆನಪಾಗೋದು ಅಜ್ಜಿಯ ಕವಡೆ. ಗುಣ ಎರಡರದ್ದೂ ಒಂದೇ.

ಆದರೆ ಅಜ್ಜಿಗೆ ಒಂದು ಕಟ್ಟುಪಾಡಿತ್ತು. ದೀಪ ಹಚ್ಚುವ ಹೊತ್ತಿಗೆ ಕವಡೆ ಡಬ್ಬಿಗೆ ಹೋಗಲೇಬೇಕು. ಮುಸ್ಸಂಜೆಯಲ್ಲಿ ಕವಡೆ ಸದ್ದು ಮಾಡಿದರೆ ಮನೆಗೆ ಲಕ್ಷ್ಮಿ ಬರೋದಿಲ್ಲ ಅಂತ. ಆಟ ಎಷ್ಟೇ ರಂಗೇರಿರಲಿ, ಒದ್ದೆ ಬಟ್ಟೆ ತಂದು ನೆಲ ಒರೆಸಿಬಿಡುತ್ತಿದ್ದಳು. ಗೆಲ್ಲುತ್ತಿದ್ದರೂ ಒರೆಸುತ್ತಿದ್ದಳು. ಲಕ್ಷ್ಮಿ ಬಂದಳೋ ಬಿಟ್ಟಳೋ, ರಾತ್ರಿ ಅಡುಗೆ ಅಂತೂ ಆಗುತ್ತಿತ್ತು.

ಕಾಲೇಜಿಗೆ ಬಂದಾಗ ಸೈಬರ್ ಕೆಫೆ. 2002, 2003ರ ಮಾತು. ಐವತ್ತಡಿ ರಸ್ತೆಯಲ್ಲಿ ಒಂದು ಮಹಡಿ ಮೇಲೆ ಹತ್ತು ಕಂಪ್ಯೂಟರ್, ಹನ್ನೆರಡು ಫ್ಯಾನು. ಕೌಂಟರ್ ಸ್ಟ್ರೈಕ್ ಆಡಲು ಗಂಟೆಗೆ ಇಪ್ಪತ್ತು ರೂಪಾಯಿ. ನನ್ನ ಹತ್ತಿರ ಇರುತ್ತಿದ್ದದ್ದು ಇಪ್ಪತ್ತೈದು. ಗಂಟೆ ಮುಗಿದ ತಕ್ಷಣ ಮಾಲೀಕ "ಏಳನೇ ನಂಬರ್, ಟೈಮ್ ಆಯ್ತು" ಅಂತ ಕೂಗುತ್ತಿದ್ದ. ಉಳಿದ ಐದು ರೂಪಾಯಲ್ಲಿ ಬೈಟು ಕಾಫಿ. ಅಲ್ಲಿ ಸೂರ್ಯ ಮುಳುಗಿದ್ದು ಗೊತ್ತಾಗುತ್ತಿರಲಿಲ್ಲ, ಜೇಬು ಮುಳುಗಿದ್ದು ಗೊತ್ತಾಗುತ್ತಿತ್ತು. ಆಮೇಲೆ ಫೋನಿನಲ್ಲಿ ಇಂಟರ್ನೆಟ್ ಬಂತು, ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡು ತುಪ್ಪ ಬಡಿಸಿದ ಹಾಗೆ ಖರ್ಚು ಮಾಡುತ್ತಿದ್ದೆವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಶುರುವಿನ ತಿಂಗಳುಗಳಲ್ಲಿ ಎಲ್ಲಾ ಫ್ರೀ. ಬೇರೆ ಕಂಪನಿಗಳೂ ದರ ಇಳಿಸಿದವು. ಒಳ್ಳೇದೇ ಆಯಿತು, ನಾನೇನೂ ಗೊಣಗೋದಿಲ್ಲ. ಆದರೆ ಬೆಳಕು, ಕಾಸು, ಡೇಟಾ, ಹೀಗೆ ಆಟಕ್ಕೆ ಇದ್ದ ಒಂದೊಂದು ಬೇಲಿಯೂ ಬಿದ್ದುಹೋಯಿತು. ಕೊನೆಗೆ ಉಳಿದದ್ದು ನನ್ನ ಬುದ್ಧಿ ಒಂದೇ. ಅದು ಎಷ್ಟರದ್ದು ಅಂತ ಬಾತ್‌ರೂಮಿನ ಕಿಟಕಿ ಕಥೆಯಲ್ಲೇ ಹೇಳಿದೆನಲ್ಲ.

ಈ ಬಿದ್ದ ಬೇಲಿಯನ್ನು ಮತ್ತೆ ಕಟ್ಟೋಕೆ ಸರ್ಕಾರಗಳೂ ಒದ್ದಾಡಿವೆ. ದಕ್ಷಿಣ ಕೊರಿಯಾ 2011ರಲ್ಲಿ ಕಾನೂನು ಮಾಡಿ, 16 ವರ್ಷದೊಳಗಿನ ಮಕ್ಕಳು ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ ಅಂದಿತು. ಮಕ್ಕಳು ಅಪ್ಪ ಅಮ್ಮನ ಹೆಸರಲ್ಲಿ ಲಾಗಿನ್ ಆದರು. ಕಾನೂನಿನ ಹಿಡಿತ ಇದ್ದದ್ದು ಮುಖ್ಯವಾಗಿ ಕಂಪ್ಯೂಟರ್ ಆಟದ ಮೇಲೆ, ಅಷ್ಟರಲ್ಲಿ ಎಲ್ಲರ ಆಟ ಫೋನಿಗೆ ಬಂದಿತ್ತು. ಹತ್ತು ವರ್ಷದ ಮೇಲೆ ಅದನ್ನು ಕೈಬಿಟ್ಟರು. ಚೀನಾ 2021ರಲ್ಲಿ ಇನ್ನೂ ಬಿಗಿ ಮಾಡಿತು: 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನ ಮಾತ್ರ, ಅದೂ ರಾತ್ರಿ 8ರಿಂದ 9, ಒಂದೇ ಗಂಟೆ. ಅಜ್ಜಿಯ ಒದ್ದೆ ಬಟ್ಟೆಯನ್ನು ಸರ್ಕಾರವೇ ಕೈಗೆತ್ತಿಕೊಂಡ ಹಾಗೆ. ನನಗೆ ನಗುವೂ ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ.

ನಮ್ಮಲ್ಲಿ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾದಾಗ ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೇ ಹಬ್ಬ. ಆದರೆ ಆ 118 ಆ್ಯಪ್‌ಗಳ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳ ಪರೀಕ್ಷೆಯಲ್ಲ. ಮರುವರ್ಷವೇ ಅದು ಬೇರೆ ಹೆಸರಲ್ಲಿ ಬಂದು ಕೂತಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ಕಾನೂನು ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾನೂನು ಮಾಡಿ ಅಂಥ ಆಟಗಳನ್ನು ನಿಷೇಧಿಸಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರ ಸುದ್ದಿ ಓದಿದವನಾಗಿ ನಾನು ಅದನ್ನು ಬೇಡ ಅನ್ನಲಾರೆ. ಆದರೆ ನನ್ನ ಹಳ್ಳಿ, ನನ್ನ ಬಡಗಿ, ನನ್ನ ಮೂರು ನಿಮಿಷದ ದಾಳಿ ಆ ಕಾನೂನಿಗೆ ಸಿಗೋದಿಲ್ಲ. ಸಿಗಬಾರದು ಕೂಡ. ಅಲ್ಲಿ ನಾನು ಯಾರ ಜೊತೆಗೂ ಬಾಜಿ ಕಟ್ಟಿರಲಿಲ್ಲ.

ಇಷ್ಟು ಹೇಳಿದ ಮೇಲೆ ಬಣದ ಬಗ್ಗೆ ಒಂದು ಒಳ್ಳೇ ಮಾತು ಹೇಳದಿದ್ದರೆ ಮೋಸವಾಗುತ್ತದೆ. ಹನುಮಂತನಗರದಿಂದ ಔಟರ್ ರಿಂಗ್ ರೋಡಿಗೆ ಕ್ಯಾಬಿನಲ್ಲಿ ಹೋಗೋಕೆ ಒಂದೂವರೆ ಗಂಟೆ, ಬರೋಕೆ ಎರಡು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೂತು ನನ್ನ ಪ್ರಾಯ ಕಳೆಯಿತು ಅಂದರೆ ಅತಿಶಯೋಕ್ತಿ ಅಲ್ಲ. ಕ್ಯಾಬಿನಲ್ಲಿ ಐದು ಜನ, ಐದು ಇಯರ್‌ಫೋನ್. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷು, ಮಧ್ಯದಲ್ಲಿ ಹಿಂದಿ. ಮನಸಾರೆ ಕನ್ನಡದಲ್ಲಿ ಹರಟುತ್ತಿದ್ದದ್ದು ಅಂದರೆ ಆ ಬಣದಲ್ಲಿ ಮಾತ್ರ. ದಾವಣಗೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರೊಬ್ಬರು, ಹುಬ್ಬಳ್ಳಿಯಲ್ಲಿ ನೈಟ್ ಶಿಫ್ಟ್ ಮಾಡುವ ನರ್ಸ್ ಒಬ್ಬರು, ಪುತ್ತೂರಿನ ಅಡಿಕೆ ತೋಟದವರು, ಮಂಡ್ಯದ ಅಣ್ಣತಮ್ಮ ಇಬ್ಬರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದೆವು. "ಅಡಿಕೆ ರೇಟ್ ಎಷ್ಟಾಯ್ತು ಸ್ವಾಮಿ" ಅಂತ ಯುದ್ಧದ ಮಧ್ಯೆ ಕೇಳುವವರು. ನನ್ನ ಮಗನಿಗೆ ಡೆಂಗ್ಯೂ ಬಂದಾಗ ಪ್ಲೇಟ್ಲೆಟ್ ವಿಷಯವನ್ನು ರಾತ್ರಿ ಎರಡು ಗಂಟೆಗೆ ಬಿಡಿಸಿ ಹೇಳಿದ್ದು ಆ ನರ್ಸ್. ಅವರ ಮುಖ ನಾನು ಇವತ್ತಿಗೂ ನೋಡಿಲ್ಲ. ಆಟ ಆಡುವವರೆಲ್ಲ ಒಂಟಿ, ಜೀವನವೇ ಇಲ್ಲದವರು ಅಂತ ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಾಗೆ ಸಿಕ್ಕ ಜನರೇ ಬಿಡೋಕೆ ಕಷ್ಟ ಮಾಡಿದ್ದು, ಅದೂ ನಿಜ. ಹಳ್ಳಿ ಸುಟ್ಟು ಬೂದಿಯಾಗಲಿ ಅಂತ ಎಷ್ಟೋ ಸಲ ಅನ್ನಿಸಿದೆ. ಆದರೆ ನಲವತ್ತೊಂಬತ್ತು ಜನ ಕಾಯುತ್ತಿದ್ದಾರೆ ಅನ್ನಿಸಿದಾಗ ಕೈ ತಾನಾಗಿ ಫೋನಿಗೆ ಹೋಗುತ್ತದೆ. ನನ್ನ ಹೆಂಡತಿ ಒಮ್ಮೆ ತಣ್ಣಗೆ ಹೇಳಿದಳು, "ರೀ, ನನ್ನನ್ನೂ ಆ ಗುಂಪಿಗೆ ಸೇರಿಸಿಕೊಳ್ಳಿ. ಆಗಲಾದ್ರೂ ನನ್ನ ಮೆಸೇಜ್‌ಗೆ ಉತ್ತರ ಬರುತ್ತೆ." ನಾನು ನಕ್ಕೆ. ಅವಳು ನಗಲಿಲ್ಲ.

ನಮ್ಮ ಬಣದ ನಾಯಕನನ್ನು ಎಲ್ಲರೂ ಬಾಸ್ ಅನ್ನುತ್ತಿದ್ದೆವು. ತುಮಕೂರಿನ ಕಡೆಯವರು ಅಂತಷ್ಟೇ ಗೊತ್ತು. ಮಾತು ಕಮ್ಮಿ, ತಲೆ ಜೋರು. ಯಾರು ಯಾರ ಮೇಲೆ ದಾಳಿ ಮಾಡಬೇಕು, ಯಾವ ಮೂಲೆಯಿಂದ ನುಗ್ಗಬೇಕು, ಎಲ್ಲ ಅವರೇ ಹೇಳುವುದು. ಒಂದು ಸಲ ನಾನು ಎಡಬದಿಯಿಂದ ನುಗ್ಗಿ ಸೈನ್ಯವನ್ನೆಲ್ಲ ಕಳೆದುಕೊಂಡಾಗ "ಹೇಳಿದ್ದೇನು, ಮಾಡಿದ್ದೇನು?" ಅಂತ ಒಂದೇ ಸಾಲು ಹಾಕಿದ್ದರು. ಆಫೀಸಿನ ಅಪ್ರೈಸಲ್‌ನಲ್ಲಿ ಕೂಡ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ. ನಾನು ಅವರನ್ನು ನಲವತ್ತೈದರ ಆಸುಪಾಸಿನವರು, ಬಹುಶಃ ಮಿಲಿಟರಿಯಿಂದ ರಿಟೈರ್ ಆದವರು ಅಂತ ಅಂದಾಜು ಮಾಡಿದ್ದೆ.

2018ರ ಬೇಸಿಗೆ. ಒಂದು ದೊಡ್ಡ ಯುದ್ಧ, ಸಮಬಲ. ದಾಳಿಗೆ ಸಿಗುವ ಅಂಕವೇ ನಕ್ಷತ್ರ. ರಾತ್ರಿ ಒಂದೂವರೆಗೆ ನೋಡಿದರೆ ನಮಗೆ ಎರಡು ನಕ್ಷತ್ರ ಕಡಿಮೆ, ಬಾಸ್ ಒಬ್ಬರದ್ದೇ ದಾಳಿ ಉಳಿದಿದೆ. ಎರಡು ದಿನದಿಂದ ಪತ್ತೆ ಇಲ್ಲ. ಮೆಸೇಜ್ ಹಾಕಿದೆ. "ಬಾಸ್, ನಿಮ್ದೊಂದು ಬಾಕಿ." ಉತ್ತರ ಇಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಂದು. "ಬಾಸ್, ಎಲ್ಲರೂ ನಿಮಗೋಸ್ಕರ ಕಾಯ್ತಿದ್ದಾರೆ." ಅವರ ವಾಟ್ಸಾಪ್ ನಂಬರ್ ನನ್ನ ಹತ್ತಿರ ಇತ್ತು. ಎರಡು ಸಲ ರಿಂಗ್ ಕೊಟ್ಟು ಕಟ್ ಮಾಡಿದೆ. ಎರಡು ಗಂಟೆಗೆ ಅವರ ಹೆಸರ ಪಕ್ಕದಲ್ಲಿ ಹಸಿರು ಚುಕ್ಕೆ ಬಂತು. ಮೂರು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಎಂಥ ಚೆಂದದ ದಾಳಿ! ಮೂರು ನಕ್ಷತ್ರ, ಯುದ್ಧ ನಮ್ಮದು. ಕುಣಿದಾಡಿದೆವು. "ಬಾಸ್ ಬಾಸೇ" ಅಂತ ದಾವಣಗೆರೆಯವರು ಹತ್ತು ಸಲ ಹಾಕಿದರು.

ಆಗ ಬಾಸ್ ಬರೆದರು: "ಥ್ಯಾಂಕ್ಸ್. ಮಲಗ್ತೀನಿ. ಬೆಳಿಗ್ಗೆ ಮ್ಯಾತ್ಸ್ ಪೇಪರ್."

ಮಂಡ್ಯದವರಲ್ಲಿ ಒಬ್ಬ ಕೇಳಿದ, ಯಾವ ಕ್ಲಾಸಿಗೆ ಸರ್, ನೀವು ಮೇಷ್ಟ್ರಾ?

"ಇಲ್ಲ ಅಣ್ಣ. ಎಸ್ಸೆಸ್ಸೆಲ್ಸಿ ಬರೀತಿದ್ದೀನಿ."

ಅದಾದ ಮೇಲೆ ಆ ಗುಂಪಿನಲ್ಲಿ ಬೆಳಗಿನವರೆಗೆ ಯಾರೂ ಒಂದಕ್ಷರ ಬರೆಯಲಿಲ್ಲ. ನಾನು ಕತ್ತಲಲ್ಲಿ ಹಾಲ್‌ನ ಸೋಫಾ ಮೇಲೆ ಕೂತಿದ್ದೆ. ಒಳಗೆ ನನ್ನ ಮಗ ಮಲಗಿದ್ದ. ಹತ್ತನೇ ಕ್ಲಾಸಿನ ಹುಡುಗನನ್ನು ಪರೀಕ್ಷೆ ಹಿಂದಿನ ರಾತ್ರಿ ಎರಡು ಗಂಟೆಗೆ ರಿಂಗ್ ಮಾಡಿ ಎಬ್ಬಿಸಿದ್ದು ಯಾವ ಕಂಪನಿಯೂ ಅಲ್ಲ, ಯಾವ ಪಾರಿವಾಳದ ಪೆಟ್ಟಿಗೆಯೂ ಅಲ್ಲ. ನಾನು. ಅಪ್ಪನ ತಿಥಿಯ ದಿನ ನಾಚಿಕೆಯಾಗಿತ್ತು, ಆದರೆ ನಾಚಿಕೆಯ ಜೊತೆಗೇ ಆಟವೂ ನಡೆದಿತ್ತು. ಈ ಸಲ ಹೊಟ್ಟೆಯೊಳಗೆ ನಿಜವಾಗಿಯೂ ಏನೋ ತಿರುಚಿದ ಹಾಗಾಯಿತು.

ಅವತ್ತೇ ಬಿಟ್ಟೆ ಅಂತ ಬರೆದರೆ ಕಥೆಗೆ ಚೆನ್ನಾಗಿರುತ್ತದೆ. ಬಿಡಲಿಲ್ಲ. ನಾಲ್ಕು ಸಲ ಅಳಿಸಿದೆ, ನಾಲ್ಕು ಸಲ ಹಾಕಿಕೊಂಡೆ. ದಿನಕ್ಕೆ ಅರ್ಧ ಗಂಟೆ ಅಂತ ಫೋನಿನಲ್ಲೇ ಮಿತಿ ಹಾಕಿದೆ. ಮಿತಿ ಮುಗಿದಾಗ ಅದೇ ಕೇಳುತ್ತದೆ, ಇನ್ನೂ ಹದಿನೈದು ನಿಮಿಷ ಬೇಕಾ? ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಆ ಹದಿನೈದು ನಿಮಿಷವನ್ನು ಒಂದೇ ಸಂಜೆ ಎಂಟು ಸಲ ತಗೊಂಡಿದ್ದೇನೆ.

ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಅನ್ನೋದನ್ನು ಕಾಯಿಲೆಗಳ ಹೊಸ ಪಟ್ಟಿಗೆ ಸೇರಿಸುವ ಸುದ್ದಿ ಪೇಪರಿನಲ್ಲಿ ಬಂತು. 2019ರಲ್ಲಿ ಪಟ್ಟಿಗೆ ಒಪ್ಪಿಗೆ ಸಿಕ್ಕಿ, 2022ರ ಜನವರಿಯಿಂದ ಅದು ಜಾರಿಗೆ ಬಂತು. ಮೂರು ಗುರುತು ಹೇಳುತ್ತಾರೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಬೇರೆಲ್ಲ ಕೆಲಸ, ಆಸಕ್ತಿಗಿಂತ ಆಟವೇ ಮುಂದಾಗಿರಬೇಕು. ಕೆಟ್ಟದ್ದಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಯಬೇಕು. ಇದರಿಂದ ಮನೆ, ಓದು, ಕೆಲಸ ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು. ಆಡುವವರಲ್ಲಿ ತುಂಬ ಕಡಿಮೆ ಜನರಿಗೆ ಮಾತ್ರ ಈ ಹಣೆಪಟ್ಟಿ ಹೊಂದುತ್ತದೆ ಅಂತ ಅವರೇ ಹೇಳಿದ್ದಾರೆ. ಸಂಜೆ ಒಂದು ಗಂಟೆ ಆಡುವ ಮಗನನ್ನು ಹಿಡಿದು 'ಅಡಿಕ್ಟು' ಅನ್ನುವ ಅಪ್ಪಂದಿರು ಇದನ್ನು ಸ್ವಲ್ಪ ಗಮನಿಸಬೇಕು. ನನಗೆ ಹಣೆಪಟ್ಟಿ ಹೊಂದುತ್ತಿತ್ತೋ ಇಲ್ಲವೋ, ಡಾಕ್ಟರ್ ಹತ್ತಿರ ಹೋಗಿ ಕೇಳಲಿಲ್ಲ. ಕೆಲಸ ಹೋಗಿರಲಿಲ್ಲ, ಸಂಸಾರ ಮುರಿದಿರಲಿಲ್ಲ. ಮೂರು ಗುರುತಿಗೂ ತಲೆ ಆಡಿಸಿದ್ದು ಮಾತ್ರ ನಿಜ.

ಕೇಳಬೇಕು ಅನ್ನಿಸಿದವರಿಗೆ ನಮ್ಮೂರಲ್ಲೇ ಜಾಗ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನವರು 2014ರಲ್ಲೇ ಇದಕ್ಕೆಂದು ಕ್ಲಿನಿಕ್ ಶುರು ಮಾಡಿದರು. ಹೆಸರು ಶಟ್ ಕ್ಲಿನಿಕ್. ನಾನು ಮೊದಲು ಕೇಳಿದಾಗ 'ಮುಚ್ಚು' ಅನ್ನುತ್ತಿದ್ದಾರೆ ಅಂದುಕೊಂಡಿದ್ದೆ. ಬಿಡಿಸಿ ಓದಿದರೆ ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ. ಆರೋಗ್ಯವಾಗಿ ಬಳಸೋದು. ಮುಚ್ಚೋದಲ್ಲ, ಅಳತೆಯಲ್ಲಿ ತೆರೆಯೋದು. ಅಲ್ಲಿಗೆ ಹೋಗೋಕೆ ಸಂಕೋಚವಾದರೆ ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಕನ್ನಡದಲ್ಲೇ ಮಾತಾಡಬಹುದು.

ನನ್ನ ಮಟ್ಟಿಗೆ ಕೆಲಸಕ್ಕೆ ಬಂದದ್ದು ಅಜ್ಜಿಯ ಉಪಾಯವೇ. ಮೊದಲು ಬಣದವರಿಗೆ ಹೇಳಿದೆ, ರಾತ್ರಿ ಒಂಬತ್ತರ ಮೇಲೆ ನಾನು ಇರೋದಿಲ್ಲ, ಯುದ್ಧಕ್ಕೆ ನನ್ನ ಹೆಸರು ಹಾಕಬೇಡಿ. ಎಲ್ಲ ಬೈಯುತ್ತಾರೆ ಅಂದುಕೊಂಡಿದ್ದೆ. ಅಡಿಕೆ ತೋಟದವರು "ನನ್ನ ಹೆಸರೂ ತೆಗೀರಿ, ಬೆನ್ನು ನೋವು" ಅಂದರು. ನರ್ಸ್ ತಾವೂ ಬಿಡಬೇಕು ಅಂತ ಆರು ತಿಂಗಳಿಂದ ಇದ್ದರಂತೆ. ನಲವತ್ತೊಂಬತ್ತು ಜನ ಕಾಯುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದರೆ, ಅವರಲ್ಲಿ ಅರ್ಧ ಜನ ನನಗೆ ಬೇಜಾರಾದೀತು ಅಂತ ಆಡುತ್ತಿದ್ದರು! ಮೂರು ತಿಂಗಳಲ್ಲಿ ಯುದ್ಧ ನಿಂತೇಹೋಯಿತು. ವಾಟ್ಸಾಪ್ ಗುಂಪು ಉಳಿಯಿತು. ಈಗ ಅಲ್ಲಿ ಮಳೆ, ಅಡಿಕೆ ರೇಟು, ಮಕ್ಕಳ ಅಡ್ಮಿಷನ್.

ಆಮೇಲೆ ಫೋನಿನ ಚಾರ್ಜರನ್ನು ದೇವರ ಮನೆ ಪಕ್ಕದ ಪ್ಲಗ್ಗಿಗೆ ಹಾಕಿದೆ. ಒಂಬತ್ತಕ್ಕೆ ಅದು ಅಲ್ಲಿ, ನಾನು ಇಲ್ಲಿ. ಮೊದಲ ವಾರ ಕೈ ಏನು ಮಾಡಬೇಕು ಗೊತ್ತಾಗದೆ ಎರಡು ಸಲ ಫ್ರಿಜ್ ಬಾಗಿಲು ತೆಗೆದು ಸುಮ್ನೆ ನಿಂತೆ. ನಾನು ಈಗಲೂ ಆಡುತ್ತೇನೆ. ಮುಗಿಯುವ ಆಟ ಆಡುತ್ತೇನೆ, ಅಷ್ಟೇ. ಹತ್ತು ನಿಮಿಷದ ಚೆಸ್, ಮಗನ ಜೊತೆ ಮೂರು ಸುತ್ತಿನ ಕಾರ್ ರೇಸ್. ಗೆದ್ದವರು ಸೋತವರು ತೀರ್ಮಾನವಾಗಿ ಪರದೆ ಖಾಲಿಯಾಗುವಂಥದ್ದು. 'ದಿನಾ ಬಂದರೆ ಬಹುಮಾನ' ಅನ್ನುವ ಯಾವ ಆಟವನ್ನೂ ಹಾಕಿಕೊಳ್ಳೋದಿಲ್ಲ. ದಿನಾ ಬಾ ಅನ್ನೋಕೆ ಆಫೀಸ್ ಒಂದು ಸಾಕು. ಮಗನ ಜೊತೆ ಜಗಳ ಇಲ್ಲ ಅಂತಲ್ಲ. ಮೊನ್ನೆ ಕೂಡ, "ಅಪ್ಪಾ, ಆನ್‌ಲೈನ್ ಮ್ಯಾಚ್ ಮಧ್ಯದಲ್ಲಿ ಪಾಝ್ ಮಾಡೋಕಾಗಲ್ಲ" ಅಂದ. ನಿಜ, ಮಾಡೋಕಾಗಲ್ಲ. ಊಟಕ್ಕೆ ಕರೆಯುವ ಮುಂಚೆ ಇನ್ನೆಷ್ಟು ನಿಮಿಷದ ಮ್ಯಾಚ್ ಇದೆ ಅಂತ ಕೇಳೋದನ್ನು ನಾನು ಕಲಿತೆ. ಅದೊಂದು ಪ್ರಶ್ನೆಯಿಂದ ಮನೆಯಲ್ಲಿ ಎಷ್ಟೋ ಕೂಗಾಟ ಕಮ್ಮಿಯಾಗಿದೆ.

ಬಾಸ್ ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ ಸಿಕ್ಕಿದ. ಎಂಜಿನಿಯರಿಂಗ್ ಕೊನೇ ವರ್ಷ, ಇಂಟರ್ನ್‌ಶಿಪ್‌ಗೆ ಬಂದಿದ್ದ. ಗಾಂಧಿ ಬಜಾರಿನಲ್ಲಿ ನಿಂತು ಇಡ್ಲಿ ವಡೆ ತಿಂದೆವು. ಗಡ್ಡ ಬಿಟ್ಟಿದ್ದಾನೆ, ನನಗಿಂತ ಎತ್ತರ. ನನ್ನನ್ನು 'ಅಂಕಲ್' ಅಂದ. ಎಷ್ಟೋ ವರ್ಷದಿಂದ ಹೇಳಬೇಕು ಅಂತಿದ್ದ ಸಾರಿ ಹೇಳಿದೆ. ಅವನು ವಡೆಯನ್ನು ಚಟ್ನಿಯಲ್ಲಿ ಅದ್ದುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಆ ರಾತ್ರಿ ನಿಮ್ಮ ರಿಂಗ್ ಬಂದಾಗ ನಂಗೆ ಖುಷಿಯಾಗಿತ್ತು ಅಂಕಲ್" ಅಂದ. "ಮನೇಲಿ ಎಲ್ಲರೂ ನೀನು ಫೇಲಾಗ್ತೀಯ ಅಂತಿದ್ರು. ಅಲ್ಲಿ ಮಾತ್ರ ನಾನು ಬೇಕಾಗಿತ್ತು."

ಮ್ಯಾತ್ಸ್‌ನಲ್ಲಿ ಎಷ್ಟು ಬಂತು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಕಾಫಿ ಕುಡಿದು, ತುಮಕೂರು ಬಸ್ ಹಿಡಿಯಬೇಕು ಅಂತ ಹೊರಟ.

ಅಮ್ಮನಿಗೆ ನಾನು ಇವತ್ತಿಗೂ ನಿಜ ಹೇಳಿಲ್ಲ. ನೆಂಟರ ಮುಂದೆ, "ಆ ಎರಡು ಮೂರು ವರ್ಷ ಇವನಿಗೆ ಹೊಟ್ಟೆ ತುಂಬ ಕೆಟ್ಟಿತ್ತು, ನನ್ನ ಕಷಾಯದಲ್ಲೇ ವಾಸಿಯಾಯ್ತು" ಅಂತ ಹೇಳಿಕೊಳ್ಳುತ್ತಾಳೆ. ಹೆಂಡತಿ ನನ್ನ ಕಡೆ ನೋಡುತ್ತಾಳೆ, ನಾನು ಸೀಲಿಂಗ್ ಕಡೆ.

ಈ ವರ್ಷದ ತಿಥಿ ದಿನ ಶಾಸ್ತ್ರಿಗಳು ಬರುವ ಮುಂಚೆ ಅಮ್ಮ ಸ್ಟೀಲ್ ಲೋಟದಲ್ಲಿ ಬಿಸಿ ಬಿಸಿ ಜೀರಿಗೆ ಕಷಾಯ ತಂದು ಕೈಗೆ ಕೊಟ್ಟಳು. ಉಪವಾಸ ಅಲ್ವೇನಮ್ಮಾ ಅಂದೆ.

"ಕಷಾಯಕ್ಕೆ ದೋಷ ಇಲ್ಲ ಕಣೋ, ಕುಡಿ. ಆಮೇಲೆ ಮಧ್ಯದಲ್ಲಿ ಎದ್ದು ಹೋಗೋ ಹಾಗಾಗಬಾರದು."

ಕುಡಿದೆ.